ನಿರೂಪಕನ ನೀಲಿ ಕೈ

"ಬಟ್ಟೆ ಮಡಚುವುದು, ಕಟ್ಟುವುದು, ಬಣ್ಣದಲ್ಲಿ ಅದ್ದುವುದು, ತೊಳೆದು ಒಣಗಿಸುವುದು. ಅಷ್ಟಕ್ಕೆ ಶಿಬೋರಿ ಅಂತ ಜಪಾನಿನ ಹೆಸರು ಬೇರೆ! ನಾನು ಮನಸ್ಸು ಮಾಡಿದ್ರೆ ಒಂದೇ ಮಧ್ಯಾಹ್ನದಲ್ಲಿ ಮಾಡಿ ಬಿಸಾಡ್ತೇನೆ!"

ಬೆಳ್ತಂಗಡಿಯ ಕೃಷ್ಣಪ್ರಸಾದ್ ಕನ್ನಡಿಯ ಮುಂದೆ ನಿಂತು ಹೀಗೆಂದು ಘೋಷಿಸಿದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಆ ಕೆಲಸಗಳಲ್ಲಿ ಒಂದನ್ನಾದರೂ ಅವನು ಮಾಡಿದ್ದನ್ನು ಕಂಡವರು ಊರಲ್ಲೂ ಯಾರೂ ಇರಲಿಲ್ಲ. ಅವನ ಬಟ್ಟೆಗಳು ಬಚ್ಚಲಿನ ಬಾಗಿಲಲ್ಲಿ ಪ್ರಾಣ ಬಿಟ್ಟು, ಗರಿಗರಿಯಾಗಿ ಕಪಾಟಿನಲ್ಲಿ ಮರುಜನ್ಮ ಪಡೆಯುತ್ತಿದ್ದವು. ನಡುವೆ ಏನು ನಡೆಯುತ್ತದೆ ಎಂಬುದು ಅವನ ಪಾಲಿಗೆ ಸೃಷ್ಟಿರಹಸ್ಯ.

ಹೊಟ್ಟೆಪಾಡಿಗೆ ಅವನು ಸಹಕಾರಿ ಸಂಘದ ಗುಮಾಸ್ತ. ಆದರೆ ಅವನ ಅವತಾರದ ಉದ್ದೇಶವೇ ನಿರೂಪಣೆ! ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಎಲ್ಲಿ ಮೈಕ್ ನೆಟ್ಟರೂ ಅದರ ಹಿಂದೆ ಅವನು ಮೊಳೆಯುತ್ತಿದ್ದ. ಪ್ರತಿ ಸಭೆಯಲ್ಲೂ ಒಂದು ಶಾಲು, ಒಂದು ಮರದ ಸ್ಮರಣಿಕೆ. ಶಾಲುಗಳಿಗೆ ಒಂದು ಕಪಾಟು, ಸ್ಮರಣಿಕೆಗಳಿಗೆ ಒಂದು ಗೋಡೆ. ಆ ಗೋಡೆಯ ಧೂಳು ಒರೆಸುತ್ತಿದ್ದವಳು ಅವನ ಹೆಂಡತಿ ವಾಗ್ದೇವಿ.

ಎಲ್ಲವೂ ಚೆನ್ನಾಗಿಯೇ ಇತ್ತು, ಆ ವಾಗ್ದೇವಿ ಹಿಂದಿನ ಜಗಲಿಯಲ್ಲಿ ನೀಲಿ ಬಣ್ಣ ತುಂಬಿದ ಪೀಪಾಯಿ ಇಡುವವರೆಗೆ. ಅಡುಗೆ, ಕಸ, ಪಾತ್ರೆ ಮುಗಿದ ಮೇಲೆ ಬಟ್ಟೆಯನ್ನು ಒತ್ತೊತ್ತಾಗಿ ಮಡಚಿ, ಹಲಗೆಗಳ ನಡುವೆ ಬಿಗಿದು ಬಣ್ಣಕ್ಕೆ ಅದ್ದುತ್ತಿದ್ದಳು. ಬಿಚ್ಚಿದಾಗ ಒಂದೊಂದರಲ್ಲೂ ಒಂದೊಂದು ಚಿತ್ತಾರ. ಮೊದಮೊದಲು ಕೃಷ್ಣಪ್ರಸಾದ್ ನಕ್ಕ. ಆಮೇಲೆ ಅವಳ ದುಪಟ್ಟಾಗಳು ಪೇಟೆಯಲ್ಲಿ ಓಡಾಡತೊಡಗಿದವು. ಒಂದು ದಿನ ಉಜಿರೆಯ ಹೋಟೆಲಿನಲ್ಲಿ ಅಪರಿಚಿತನೊಬ್ಬ ಅವನನ್ನೇ ದಿಟ್ಟಿಸಿ ಎದ್ದು ಬಂದ. ಅಭಿಮಾನಿ ಎಂದುಕೊಂಡು ಇವನು ಗಂಟಲು ಸರಿಮಾಡಿಕೊಂಡ.

"ನೀವು ಶಿಬೋರಿ ಮಾಡುವ ವಾಗ್ದೇವಿಯವರ ಯಜಮಾನ್ರಲ್ವಾ?"

ತಟ್ಟೆಯಲ್ಲಿದ್ದ ಬಿಸಿ ಬನ್ಸ್ ಅಲ್ಲೇ ತಣ್ಣಗಾಯಿತು.

ಗಾಯದ ಮೇಲೆ ಉಪ್ಪು ಸುರಿದವನು ಮೂಡುಬಿದಿರೆಯ ಶೇಷಪ್ಪ, ಅಲ್ಲಿನ ಕಲಾಸಂಘದ ಕಾರ್ಯದರ್ಶಿ. "ಪ್ರಸಾದಣ್ಣ, ಆದಿತ್ಯವಾರ ವಾರ್ಷಿಕೋತ್ಸವ. ಈ ಸರ್ತಿ ಸನ್ಮಾನ ವಾಗ್ದೇವಿಯಕ್ಕನಿಗೆ. ಅತಿಥಿಗಳಿಗೆ ಹೊದಿಸುವ ಶಾಲು ಕೂಡ ಅವ್ರದ್ದೇ. ನಿರೂಪಣೆ ನಿಮ್ಮದು. ನಿಮಗೆಂತ ಕಷ್ಟ ಮಾರಾಯ್ರೆ, ಪರಿಚಯ ಬರೆದು ಕೊಡ್ಲಿಕ್ಕೂ ಇಲ್ಲ!"

ತನ್ನ ಬಾಯಿಂದಲೇ ಅವಳ ಗುಣಗಾನ! ಶುಕ್ರವಾರ ರಜೆ ಹಾಕಿ ಅವನು ಕನ್ನಡಿಯ ಮುಂದೆ ಪ್ರತಿಜ್ಞೆ ಮಾಡಿದ್ದು ಇದೇ ಸಂಕಟಕ್ಕೆ. ತಾನೇ ಬಣ್ಣ ಹಾಕಿದ ಶಾಲು ಹೊದ್ದು ವೇದಿಕೆ ಏರುತ್ತೇನೆ! ಜನ ಯಾರನ್ನು ಕೇಳುತ್ತಾರೆ ನೋಡುವ!

ವಾಗ್ದೇವಿ ಬಟ್ಟೆ ತರಲು ಬಂಟ್ವಾಳಕ್ಕೆ ಹೋಗಿದ್ದಳು. ಮಗಳು ಶ್ರಾವ್ಯಾ ಕಾಲೇಜಿಗೆ. ಪೀಪಾಯಿ ಕಂಬಳಿ ಹೊದ್ದು ಬಾಣಂತಿಯಂತೆ ಬೆಚ್ಚಗೆ ಕುಳಿತಿತ್ತು. 'ನನಗೆ ಜ್ವರ ಬಂದಾಗ ಕೂಡ ಇಷ್ಟು ಚಂದದ ಕಂಬಳಿ ಸಿಕ್ಕಿರಲಿಲ್ಲ!' ಪೀಪಾಯಿಯ ಮೇಲೂ ಅವನಿಗೆ ಹೊಟ್ಟೆ ಉರಿಯಿತು.

ಕಪಾಟಿನಿಂದ ಅತ್ಯಂತ ಮಿರುಗುವ ಶಾಲನ್ನು ಆರಿಸಿದ. ಮಡಚಲು ಹೊರಟ. ಒಂದು ತುದಿ ಗಲ್ಲದ ಕೆಳಗೆ, ಇನ್ನೊಂದು ಹಲ್ಲಿನಲ್ಲಿ, ಉಳಿದೆರಡು ಕೈಯಲ್ಲಿ. ಎಡ ಎಳೆದರೆ ಬಲ ಜಾರಿತು, ಬಲ ಹಿಡಿದರೆ ಹಲ್ಲು ಸೋತಿತು. ಮನೆಯ ಅಷ್ಟು ದೊಡ್ಡ ಹೊದಿಕೆಗಳನ್ನು ಇವಳೊಬ್ಬಳೇ ಹೇಗೆ ಮಡಚುತ್ತಾಳೆ ಎಂಬ ಪ್ರಶ್ನೆ ಮದುವೆಯಾದ ಮೇಲೆ ಮೊದಲ ಬಾರಿಗೆ ಮೂಡಿತು. ಅಂಥ ಅಪಾಯಕಾರಿ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು, ಶಾಲನ್ನು ಮುದ್ದೆ ಮಾಡಿದ. ಬಿಗಿಯಲು ಹಲಗೆ? ಗೋಡೆಯಿಂದ ಎರಡು ಸ್ಮರಣಿಕೆ ಇಳಿಸಿ ನಡುವೆ ಬಿಗಿದ. ಅವುಗಳಲ್ಲಿ ಕೆತ್ತಿದ್ದ ತನ್ನ ಹೆಸರೇ ಚಿತ್ತಾರವಾಗಿ ಮೂಡಿದರೆ ಇನ್ನೂ ಒಳ್ಳೆಯದೇ ಅಲ್ಲವೇ!

ಪೀಪಾಯಿಯ ಮುಚ್ಚಳ ತೆಗೆದರೆ ಮೂಗು ಹಿಂದಕ್ಕೆ ಓಡಿತು. ಗೂಟದಲ್ಲಿ ರಬ್ಬರ್ ಕೈಗವಸು ತೂಗುತ್ತಿತ್ತು. ಅದೆಲ್ಲ ಹೆಂಗಸರಿಗೆ! ದೊಡ್ಡ ಸೌಟು ತಂದು, ಮದುವೆಮನೆಯ ಪಾಯಸವನ್ನು ತಿರುವುವವರ ಗತ್ತಿನಲ್ಲಿ ಗರಗರ ತಿರುವಿದ. ನೊರೆ ಉಕ್ಕಿತು. ಉಟ್ಟ ಬಿಳಿ ಪಂಚೆಗೆ ಸಿಡಿಯಿತು. ಮೊಣಕೈವರೆಗೆ ಕೈ ಅದ್ದಿ ಶಾಲು ಮುಳುಗಿಸಿ ಎತ್ತಿದರೆ, ಕೈ ಹಸಿರು! ನೋಡುತ್ತಿದ್ದಂತೆ ಹಸಿರು ಗಾಳಿ ತಾಗಿ ಗಾಢ ನೀಲಿಯಾಯಿತು. ವಿಷವೇರುವುದು ಹೀಗೆಯೇ ಇರಬೇಕೆಂದು ಅವನು ನೆಲಕ್ಕೆ ಚೆಲ್ಲಿದ ಬಣ್ಣದಲ್ಲೇ ನಾಡಿ ಹಿಡಿದು ಕುಳಿತ. ಇನ್ನೂ ಬದುಕಿದ್ದೇನೆಂದು ಖಾತ್ರಿಯಾದ ಮೇಲೆ ಶಾಲು ಬಿಚ್ಚಿ ನೀರಿಗೆ ಹಿಡಿದ. ಬಣ್ಣವೆಲ್ಲ ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿಹೋಯಿತು. ಶಾಲು ಎಂದಿನಂತೆ ಮಿರಮಿರ ಮಿರುಗಿತು!

ಸಂಜೆ ತಾಯಿ ಮಗಳು ಒಟ್ಟಿಗೇ ಒಳಬಂದರು.

"ಯಾರು ಪೀಪಾಯಿ ಕದಡಿದ್ದು?" ವಾಗ್ದೇವಿಯ ಚೀಲ ಕೆಳಗೆ ಬಿತ್ತು.

"ಅಡಿ ಹಿಡೀಬಾರ್ದಲ್ಲ, ಅದಕ್ಕೆ..."

"ಕೆಳಗೆ ಬೆಂಕಿಯೇ ಇಲ್ಲದೆ ಅಡಿ ಹಿಡಿಯುದು ಹೇಗೆ? ಹುದುಗು ಬರಿಸಿದ ನೀಲಿ ಅದು, ಗಾಳಿ ಸೇರಿದ್ರೆ ಸತ್ತು ಹೋಗ್ತದೆ! ಆದಿತ್ಯವಾರಕ್ಕೆ ಶಾಲು ಕೊಡ್ಲಿಕ್ಕುಂಟು ನಂಗೆ!"

"ನನ್ನ ಶಾಲಿಗೆ ಬಣ್ಣವೇ ಹತ್ತಲಿಲ್ಲ. ನಿನ್ನ ಬಣ್ಣವೇ ಸರಿ ಇಲ್ಲ!"

ಅವಳು ಶಾಲನ್ನು ಬೆರಳಲ್ಲಿ ಉಜ್ಜಿದಳು. "ಪಾಲಿಯೆಸ್ಟರ್. ನಿಮ್ಮ ಕಪಾಟಿನಲ್ಲಿ ಇರುದೆಲ್ಲ ಇದೇ. ಹತ್ತಿಬಟ್ಟೆಗಾದ್ರೆ ಹತ್ತುತ್ತಿತ್ತು."

"ಅಪ್ಪಾ, ನಿಮ್ಮ ಪಂಚೆಗೆ ಲಾಯ್ಕ ಹತ್ತಿದೆ!" ಎಂದಳು ಶ್ರಾವ್ಯಾ. "ಹಿಂದಿನಿಂದ ನೋಡ್ಬೇಕು, ನವಿಲೇ ಕೂತ ಹಾಗುಂಟು!"

ವಾಗ್ದೇವಿ ಬೆಲ್ಲ ಕಲಸಿ ಹಾಕಿ, ಬೆಚ್ಚಗೆ ಮುಚ್ಚಿ, ಹೇಗೋ ಪೀಪಾಯಿಗೆ ಜೀವ ಬರಿಸಿದಳು. ಶನಿವಾರವಿಡೀ ಕೂತು ಶಾಲುಗಳನ್ನು ಮುಗಿಸಿದಳು, ನಡುನಡುವೆ ಎದ್ದು ಅನ್ನವನ್ನೂ ಮಾಡಿ ಹಾಕಿದಳು. ಕೃಷ್ಣಪ್ರಸಾದ್ ಹುಣಸೆಹುಳಿ ಹಾಕಿ ತಾಮ್ರದ ಚೆಂಬು ತಿಕ್ಕುವಂತೆ ಕೈ ತಿಕ್ಕಿದ. ಕೈ ಚೆಂಬಿನಂತೆ ಹೊಳೆಯಿತು. ನೀಲಿಯಾಗಿಯೇ.

ಆದಿತ್ಯವಾರ ಮೂಡುಬಿದಿರೆಯ ಸಭಾಭವನ ತುಂಬಿತ್ತು. ಉದ್ದ ತೋಳಿನ ಜುಬ್ಬಾ ತೊಟ್ಟ ಕೃಷ್ಣಪ್ರಸಾದ್ ಬೆರಳ ತುದಿಯಲ್ಲಿ ಮೈಕ್ ಹಿಡಿದಿದ್ದ. ಅಧ್ಯಕ್ಷರನ್ನು ಸೂರ್ಯನಿಗೆ ಹೋಲಿಸಿದ. ಊಟದ ವ್ಯವಸ್ಥೆಯವರನ್ನು ಕಾಮಧೇನುವಿಗೆ ಹೋಲಿಸಿದ. ಮೈಕಿನವನಿಗೂ ಒಂದು ಉಪಮೆ ಸಿಕ್ಕಿತು. ಸನ್ಮಾನಿತೆಯ ಸರದಿ ಬಂದಾಗ ಮಾತ್ರ ಶಬ್ದಕ್ಕೆ ಬರಗಾಲ.

"ಶ್ರೀಮತಿ ವಾಗ್ದೇವಿ. ಬಟ್ಟೆಗೆ ಬಣ್ಣ ಹಾಕ್ತಾರೆ."

ಅಷ್ಟೇ! ಶಾಲು ಹೊದಿಸಲು ಎದ್ದ ಮಹಿಳಾ ಒಕ್ಕೂಟದ ಅಧ್ಯಕ್ಷೆ ಪ್ರೇಮಾವತಿಯ ಕಣ್ಣು ಮೈಕ್ ಹಿಡಿದ ಬೆರಳುಗಳ ಮೇಲೆ ಬಿತ್ತು. ಲಬಕ್ಕನೆ ಅವನ ತೋಳು ಮೇಲೆ ಸರಿಸಿ, ನೀಲಿ ಕೈಯನ್ನು ಗೆದ್ದ ಪೈಲ್ವಾನನ ಕೈಯಂತೆ ಎತ್ತಿಹಿಡಿದಳು.

"ನೋಡಿ, ನೋಡಿ! ಹೆಂಡತಿಯ ಒಟ್ಟಿಗೆ ತಾನೂ ಬಣ್ಣದಲ್ಲಿ ಕೈ ಹಾಕಿದ್ದಾರೆ! ಗಂಡ ಅಂದ್ರೆ ಇಂಥವ್ರು ಮಾರ್ರೆ!"

ವಾಗ್ದೇವಿಗೆ ಬಿದ್ದದ್ದಕ್ಕಿಂತ ಜೋರಾದ ಚಪ್ಪಾಳೆ ಬಿತ್ತು. ಹೆಂಗಸರು ತಂತಮ್ಮ ಗಂಡಂದಿರ ಕಡೆ ತಿರುಗಿದರು. ಗಂಡಂದಿರು ಕೃಷ್ಣಪ್ರಸಾದನನ್ನು ಸುಡುವಂತೆ ನೋಡಿದರು. ಅವನ ಎಷ್ಟೋ ದಿನಗಳ ಹೊಟ್ಟೆಯುರಿ ಆ ಸದ್ದಿನಲ್ಲಿ ತಂಪಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಅವನು ಬಚಾವು. ಆದರೆ ಕೈಯಲ್ಲಿ ಮೈಕ್ ಇತ್ತಲ್ಲ!

"ಅದ್ದುವುದು, ತೊಳೆಯುವುದು, ಹಿಂಡುವುದು, ಒಣಗಿಸುವುದು, ಎಲ್ಲ ಈ ಬಡವನದ್ದೇ! ಅವಳು ಮಡಚಿ ಕೊಡ್ತಾಳೆ, ಅಷ್ಟೆ."

ಸಭೆ ಹುಚ್ಚೆದ್ದಿತು. ಅವನಿಗೂ ಒಂದು ಶಾಲು ಬಿತ್ತು. ಶ್ರಾವ್ಯಾ ಮಾತ್ರ ಮುಂದಿನ ಸಾಲಿನಲ್ಲಿ ತಲೆಯ ಮೇಲೆ ಕೈ ಹೊತ್ತು ಕುಳಿತಳು.

"ಹಾಗಾದ್ರೆ ವಾಗ್ದೇವಿಯಕ್ಕ, ನಮ್ಮ ಒಕ್ಕೂಟದವರಿಗೆಲ್ಲ ಸೀರೆ ನೀವೇ ಮಾಡಿಕೊಡ್ಬೇಕು," ಎಂದಳು ಪ್ರೇಮಾವತಿ. "ತೊಳೀಲಿಕ್ಕೆ ಜನ ಇಲ್ಲ ಅಂತ ಹೇಳುವ ಹಾಗೇ ಇಲ್ಲ!"

ವಾಗ್ದೇವಿ ನಿಧಾನ ಎದ್ದು ಬಂದಳು. ಗಂಡನ ಕೈಯಿಂದ ಮೈಕ್ ತೆಗೆದುಕೊಂಡಳು.

"ಇಷ್ಟು ಜನರ ಎದುರು ಅವರೇ ಹೇಳಿದ ಮೇಲೆ ನಾನು ಆಗುದಿಲ್ಲ ಅನ್ಲಿಕ್ಕುಂಟಾ? ಸೀರೆ ಮಾಡಿಕೊಡ್ತೇವೆ. ಒಂದೇ ವಿಷಯ. ಇವರಿಗೆ ರಜೆ ಇರುದು ಆದಿತ್ಯವಾರ. ಇನ್ನು ಆದಿತ್ಯವಾರ ಪೂರ್ತಿ ತೊಳೆಯುವ ಕೆಲಸ. ಸಭೆಗಳ ನಿರೂಪಣೆಗೆ ನೀವು ಬೇರೆಯವರನ್ನು ನೋಡಿಕೊಳ್ಬೇಕು."

ಕೃಷ್ಣಪ್ರಸಾದನ ಮುಖದ ಬಣ್ಣವೂ ಕೈಯ ಬಣ್ಣವೂ ಒಂದಾದವು.

"ಬೇರೆಯವ್ರು ಎಂತಕ್ಕೆ ಅಕ್ಕ?" ಶೇಷಪ್ಪ ಕೆಳಗಿನಿಂದಲೇ ಕೂಗಿದ. "ನೀವೇ ಮಾಡಿ! ಮೈಕಿನಲ್ಲಿ ನಿಮ್ಮ ಸ್ವರ ಎಷ್ಟು ಚಂದ ಕೇಳ್ತದೆ!"

ಮತ್ತೆ ಚಪ್ಪಾಳೆ. ಕೃಷ್ಣಪ್ರಸಾದ್ ಗಾಬರಿಯಿಂದ ಹೆಂಡತಿಯ ಕಿವಿಯ ಹತ್ತಿರ ಬಾಗಿದ. "ಮೈಕ್ ಕೊಡು ಮಾರಾಯ್ತಿ. ಧನ್ಯವಾದ ಹೇಳ್ಲಿಕ್ಕುಂಟು."

"ಅದು ನಾನು ಹೇಳ್ತೇನೆ. ನೀವು ಆ ಶಾಲು ಮಡಚಿ."

ಅವಳು ಹೇಳಿದ್ದು ಮೆಲ್ಲಗೆಯೇ. ಆದರೆ ಮೈಕ್ ಆನ್ ಇತ್ತು.