ಬಿಟ್ಟಿ ಮರಳಿನ ಭಾರ

"ಮರಳಿಗೆ ದುಡ್ಡು ಕೊಡುವವನ ತಲೆಯಲ್ಲೂ ಮರಳೇ ತುಂಬಿರಬೇಕು!"

ನವೆಂಬರ್ ಮೊದಲ ವಾರ ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತು ಹೀಗೆ ಘೋಷಿಸಿದ ಮಹಾಜ್ಞಾನಿ ನಾನೇ, ಆರ್ಮಸ್ ಕೊಸ್ಕಿ. ನಾಲ್ಕು ಜನಕ್ಕೆ ಕೇಳಲಿ ಎಂದೇ ಜೋರಾಗಿ ಹೇಳಿದ್ದೆ. ಅದರಲ್ಲೂ ಪಕ್ಕದ ಮನೆಯ ಸುಲೊಗೆ ಕೇಳಬೇಕಿತ್ತು. ಅವನು ಅರವತ್ತು ಪೌಂಡಿನ ಮರಳು ಚೀಲಗಳನ್ನು ಒಂದೊಂದಾಗಿ ಹೆಗಲಿಗೇರಿಸಿ ತನ್ನ ಪಿಕಪ್ಪಿಗೆ ಸಾಗಿಸುತ್ತಿದ್ದ. ಕೇಳಿಸಿತು. ನಕ್ಕು ಇನ್ನೊಂದು ಚೀಲ ತರಲು ಒಳಗೆ ಹೋದ.

ಪಿಕಪ್ಪಿನ ಹಣೆಬರಹವೇ ಅಷ್ಟು. ಎಂಜಿನ್ನಿನ ಭಾರವೆಲ್ಲ ಮುಂದೆ, ಗಾಡಿಯನ್ನು ತಳ್ಳುವ ಚಕ್ರಗಳು ಹಿಂದೆ. ಹಿಂದಿನ ತೊಟ್ಟಿ ಖಾಲಿ ಇದ್ದರೆ ಹಿಮದ ಮೇಲೆ ಚಕ್ರ ನಿಂತಲ್ಲೇ ಗಿರಗಿರ! ಅದಕ್ಕೇ ಚಳಿಗಾಲ ಬಂತೆಂದರೆ ನಮ್ಮೂರಿನವರೆಲ್ಲ ತೊಟ್ಟಿಗೆ ಭಾರ ಹೇರುತ್ತಾರೆ. ಹೇರಲಿ, ಬೇಡ ಎಂದವರಾರು? ಆದರೆ ಕೂಗಳತೆಯಲ್ಲಿ ಸುಪೀರಿಯರ್ ಸರೋವರದ ದಂಡೆಯುದ್ದಕ್ಕೂ ಮರಳು ಅನಾಥವಾಗಿ ಬಿದ್ದಿರುವಾಗ, ಅದನ್ನು ಚೀಲಕ್ಕೆ ತುಂಬಿ ಮಾರುವವನೊಬ್ಬ, ಸಾಲು ನಿಂತು ಕೊಳ್ಳುವ ಮೂರ್ಖರು ಊರು ತುಂಬ!

ನಾನು ಸಲಿಕೆ ಹಿಡಿದು ದಂಡೆಗೆ ಇಳಿದೆ. ಮಧ್ಯಾಹ್ನದೊಳಗೆ ಅರ್ಧ ಟನ್ ಮರಳು ನನ್ನ ತೊಟ್ಟಿಯಲ್ಲಿತ್ತು. ಚಕ್ರವರ್ತಿಯ ಠೀವಿಯಲ್ಲಿ ಮನೆಗೆ ಬಂದರೆ ಬೇಲಿಯ ಆಚೆಯಿಂದ ಸುಲೊ ಇಣುಕಿದ.

"ಹಸಿ ಮರಳು ಕಣೋ ಅದು. ಒಣಗಿಸಿ ಚೀಲಕ್ಕೆ ತುಂಬು."

"ಯಾಕೆ, ಚಳಿ ಆಗುತ್ತಾ ಅದಕ್ಕೆ?"

"ತುದಿವರೆಗೂ ಬೇರೆ ತುಂಬಿದ್ದೀಯ. ಭಾರ ಹಿಂದಿನ ಅಚ್ಚಿನ ಮೇಲೆ ಬರಬೇಕು. ಹೀಗಾದ್ರೆ ಮೂತಿ ಮೇಲೇಳುತ್ತೆ."

"ನೀನು ನಿನ್ನ ಚೀಲಗಳಿಗೆ ಜೋಗುಳ ಹಾಡಿ ಮಲಗಿಸಪ್ಪಾ. ನನ್ನ ಮೂತಿ ಯಾವಾಗಲೂ ಮೇಲೇ!"

ಒಳಗೆ ಬಂದರೆ ನನ್ನ ಹೆಂಡತಿ ಐಲಿ ಕಿಟಕಿಯ ಬಳಿ ನಿಂತಿದ್ದಳು.

"ಸುಲೊ ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು. ತಲೆಗೆ ಹಾಕ್ಕೊಳ್ಳಲಿಲ್ಲ."

"ಹಾಕ್ಕೊಳ್ಳೋಕೆ ಅಲ್ಲಿ ಜಾಗ ಎಲ್ಲಿದೆ? ನಿನ್ನ ಹೊಗಳಿಕೆಯೇ ತುಂಬ್ಕೊಂಡಿದೆ."

ಡಿಸೆಂಬರ್ ಬಂತು. ಮೊದಲ ಶನಿವಾರ ನಮ್ಮ ಚರ್ಚಿನಲ್ಲಿ ಕ್ರಿಸ್‌ಮಸ್ ಸಂತೆ. ಐಲಿ ಮೂರು ದಿನ ಒಲೆಯ ಮುಂದೆ ಬೆಂದು ಮೂವತ್ತು ನಿಸು ಮಾಡಿದ್ದಳು. ಏಲಕ್ಕಿ ಹಾಕಿ, ಜಡೆಯಂತೆ ಹೆಣೆದು ಬೇಯಿಸಿದ ಸಿಹಿ ಬ್ರೆಡ್ಡು ಅದು. ಸಂತೆಯಲ್ಲಿ ಬಾಗಿಲ ಪಕ್ಕದ ಮೇಜು ಮೊದಲು ಬಂದವರಿಗೆ. ಹೋದ ವರ್ಷ ನನ್ನ ಪಿಕಪ್ಪಿನ ಕೃಪೆಯಿಂದ ತಡವಾಗಿ, ನೆಲಮಾಳಿಗೆಯಲ್ಲಿ ಹಳೆಯ ಬೂಟುಗಳ ಪಕ್ಕ ಜಾಗ ಸಿಕ್ಕಿತ್ತು. ಬೂಟುಗಳ ವಾಸನೆಯ ನಡುವೆ ಏಲಕ್ಕಿಯನ್ನು ಮೂಸುವವರು ಯಾರು? ಉಳಿದದ್ದನ್ನು ಈಸ್ಟರ್‌ವರೆಗೆ ನಾನೇ ತಿಂದೆ. ಬಾಗಿಲ ಪಕ್ಕ ಕೂತ ಹೆಲ್ವಿಯ ನಿಸು, ಒಣ ಕಟ್ಟಿಗೆಯಂಥದ್ದು, ಒಂದೂ ಉಳಿಯದೆ ಖರ್ಚಾಗಿತ್ತು. ಆ ದಿನ ಐಲಿ ಅತ್ತಿದ್ದಳು. ಅದನ್ನು ನಾನು ಮರೆತಿರಲಿಲ್ಲ.

"ಒಂಬತ್ತರೊಳಗೆ ಅಲ್ಲಿರಬೇಕು. ಈ ಸಲವೂ ಆ ಮೇಜು ತಪ್ಪಿದ್ರೆ ವಾಪಸ್ ನೀನೊಬ್ಬನೇ ಬಾ," ಎಂದಳು ಐಲಿ.

"ಹಿಂದೆ ಅರ್ಧ ಟನ್ ಇದೆ ಕಣೇ! ಗುಡ್ಡವೇ ಅಡ್ಡ ಬಂದ್ರೂ ಹತ್ತಿಸ್ತೀನಿ!"

ಗುಡ್ಡ ಅಡ್ಡ ಬಂತು. ಚರ್ಚಿನ ಏರಿನ ಮೊದಲ ತಿರುವಿನಲ್ಲಿ ನಾನು ಸ್ಟೀರಿಂಗ್ ತಿರುಗಿಸಿದೆ. ಸ್ಟೀರಿಂಗ್ ತಿರುಗಿತು, ಗಾಡಿ ತಿರುಗಲಿಲ್ಲ! ಹಿಂದಿನ ಭಾರಕ್ಕೆ ಮುಂದಿನ ಚಕ್ರಗಳು ನೆಲವನ್ನು ಸುಮ್ಮನೆ ಸವರುತ್ತಿದ್ದವು. ಮೂತಿ ಎತ್ತಿಕೊಂಡೇ ನನ್ನ ರಥ ನೆಟ್ಟಗೆ ಹೋಗಿ ಚರಂಡಿಗೆ ಒಂದು ಕಾಲು ಇಳಿಬಿಟ್ಟು ನಿಂತಿತು. ಹಿಂದಿನ ಚಕ್ರಗಳು ಗಾಜಿನಂಥ ಮಂಜುಗಡ್ಡೆಯ ಮೇಲೆ ಗಿರಗಿರ ಸುತ್ತಿದವು. ಗಂಟೆ ಎಂಟೂವರೆ.

ಐಲಿ ನಿಸು ತಟ್ಟೆಗಳನ್ನು ತಬ್ಬಿಕೊಂಡೇ ಹೇಳಿದಳು, "ಹಿಂದೆ ಅಷ್ಟು ಮರಳಿದೆಯಲ್ಲ. ನಾಲ್ಕು ಹಿಡಿ ಚಕ್ರದ ಕೆಳಗೆ ಹಾಕು."

"ಇಷ್ಟೇ ತಾನೇ!" ಎಂದು ಸಲಿಕೆ ಎತ್ತಿ ಮರಳಿಗೆ ಹಾಕಿದೆ.

ಠಣ್!

ಸಲಿಕೆ ಪುಟಿದು ನನ್ನ ಹಣೆಯನ್ನೇ ಹುಡುಕಿಕೊಂಡು ಬಂತು. ತಿಂಗಳ ಚಳಿಗೆ ಹಸಿ ಮರಳು ಹೆಪ್ಪುಗಟ್ಟಿ, ತೊಟ್ಟಿಯ ಅಳತೆಗೆ ಎರಕ ಹೊಯ್ದ ಒಂದೇ ಬಂಡೆಯಾಗಿತ್ತು. ಜಾಕಿನ ರಾಡಿನಿಂದ ಬಡಿದೆ. ಕಿಡಿ ಹಾರಿತು, ಮರಳು ಹಾರಲಿಲ್ಲ! ಕೊನೆಗೆ ಥರ್ಮಾಸಿನ ಬಿಸಿ ಕಾಫಿಯನ್ನು ಅಭಿಷೇಕ ಮಾಡಿದೆ. ಅದೂ ನೋಡನೋಡುತ್ತ ಕಂದು ಬಣ್ಣದ ಗಾಜಾಯಿತು.

"ಅದು ನನ್ನ ಕಾಫಿ," ಎಂದಳು ಐಲಿ. ಕಿರುಚಿದ್ದರೆ ಒಳ್ಳೆಯದಿತ್ತು. ಮೆಲ್ಲಗೆ ಹೇಳಿದಳು.

ಆಗ ಕೆಳಗಿನಿಂದ, ಬೆಣ್ಣೆಯಲ್ಲಿ ಚಾಕು ಇಳಿದಷ್ಟು ನಿರಾಳವಾಗಿ, ಸುಲೊನ ಪಿಕಪ್ ಹತ್ತಿಬಂತು. ಇಳಿದ. ನೋಡಿದ. ನನ್ನ ಬಂಡೆಯನ್ನು ಬೆರಳಿನಿಂದ ತಟ್ಟಿದ.

"ಸುಲೊ, ಒಂದು ಹಿಡಿ ಮರಳು ಕೊಡ್ತೀಯಾ?" ಎಂದೆ. ಭೂಮಿ ಬಾಯಿ ಬಿಡಲಿಲ್ಲ. ಅದೂ ಹೆಪ್ಪುಗಟ್ಟಿತ್ತು.

"ಅರ್ಧ ಟನ್ ಇಟ್ಕೊಂಡವನು ನನ್ನ ಹತ್ರ ಒಂದು ಹಿಡಿ ಕೇಳ್ತೀಯಾ!"

ಆದರೂ ಪುಣ್ಯಾತ್ಮ ಒಂದು ಚೀಲ ಕುಯ್ದು, ಒಣ ಮರಳನ್ನೆಲ್ಲ ನನ್ನ ಚಕ್ರಗಳ ಕೆಳಗೆ ಸುರಿದ. ಗಾಡಿ ನರಳಿತು, ಜಗ್ಗಲಿಲ್ಲ.

"ಚರಂಡಿಗೆ ಇಳಿದಿದೆ. ಟ್ರ್ಯಾಕ್ಟರೇ ಬೇಕು," ಎಂದ ಸುಲೊ. "ಐಲಿ, ನಿಸು ತಗೊಂಡು ನನ್ನ ಗಾಡಿಗೆ ಬಾ."

ತಟ್ಟೆಗಳೂ ಐಲಿಯೂ ಸೇರಿ ಮುಂದಿನ ಸೀಟು ಭರ್ತಿಯಾಯಿತು.

"ನಾನು?" ಎಂದೆ.

"ಒಂದು ಚೀಲ ನಿನಗೇ ಖರ್ಚಾಯ್ತಲ್ಲ, ಹಿಂದೆ ಹಗುರ ಆಗಿದೆ. ಆ ಜಾಗದಲ್ಲಿ ಹತ್ತಿ ಕೂತ್ಕೋ. ತುದೀಲಿ ಬೇಡ, ಅಚ್ಚಿನ ಮೇಲೆ!"

ಇನ್ನೂರನಲವತ್ತು ಪೌಂಡಿನ ಆರ್ಮಸ್ ಕೊಸ್ಕಿ ಚೀಲಗಳ ನಡುವೆ, ಅಚ್ಚಿನ ಮೇಲೆ, ಮೊಣಕಾಲು ತಬ್ಬಿಕೊಂಡು ಕೂತ. ಗಾಡಿ ಒಮ್ಮೆಯೂ ಜಾರಲಿಲ್ಲ. ಅದೇ ನನಗೆ ಹೆಚ್ಚು ಉರಿದದ್ದು.

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಚರ್ಚು ತಲುಪಿದೆವು. ಬಾಗಿಲ ಪಕ್ಕದ ಮೇಜು ಖಾಲಿ! ಐಲಿ ಓಡಿಹೋಗಿ ಅದರ ಮೇಲೆ ತಟ್ಟೆ ಇಟ್ಟಳು. ಅವಳ ಮುಖ ಅರಳಿದ್ದನ್ನು ನಾನು ತೊಟ್ಟಿಯಲ್ಲಿ ಕೂತೇ ನೋಡಿದೆ. ಕಾಲು ಮರಗಟ್ಟಿ ಇಳಿಯಲು ಆಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ಸಂತೆ ಶುರುವಾಗಲೆಂದು ಅರ್ಧ ಊರೇ ಕಾದು ನಿಂತಿತ್ತು.

ಪಾದ್ರಿಗಳು ಕೇಳಿದರು, "ಆರ್ಮಸ್ ಎಲ್ಲಿ ಐಲಿ? ಬರಲಿಲ್ವಾ?"

"ಹಿಂದೆ ಇದ್ದಾನೆ ಪಾದ್ರಿಗಳೇ," ಎಂದಳು ಐಲಿ. "ಭಾರಕ್ಕೆ ಅಂತ ಹಾಕ್ಕೊಂಡು ಬಂದ್ವಿ."

ಸುಲೊ ನನ್ನತ್ತ ತಿರುಗಿ, ನಾಲ್ಕು ಜನಕ್ಕೆ ಕೇಳಲಿ ಎಂದೇ ಜೋರಾಗಿ ಹೇಳಿದ:

"ದುಡ್ಡು ಕೊಡಲಿಲ್ಲ. ಬಿಟ್ಟಿ ಸಿಕ್ತು!"