ಏಳೆಂಟ್ಲ ಐವತ್ತಾರು, ಆಮೆನ್

ದೇವರು ಲೆಕ್ಕದಲ್ಲಿ ಅಷ್ಟೇನೂ ಚುರುಕಲ್ಲ ಎಂಬ ಗುಮಾನಿ ನಮ್ಮ ಅತ್ತೆಗೆ ಇದ್ದಿರಬೇಕು. ಇಲ್ಲದಿದ್ದರೆ ನಾವು ಮಾಡಿದ ಒಂದೊಂದು ಲೆಕ್ಕದ ಕೊನೆಗೂ 'ಆಮೆನ್' ಹೇಳಿಸಿ ಆತನ ಗಮನಕ್ಕೆ ತರುವ ಅಗತ್ಯವೇನಿತ್ತು?

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಅಮ್ಮ ತೀರಿಕೊಂಡಾಗ ನಾನೂ ತಂಗಿಯೂ ತೀರ ಚಿಕ್ಕವರು. ತಿರುಮಕೂಡಲು ನರಸೀಪುರದಲ್ಲಿ ಟಪಾಲು ಗುಮಾಸ್ತರಾಗಿದ್ದ ಅಪ್ಪ ನಮ್ಮನ್ನು ನಂಜನಗೂಡಿಗೆ ತಂದು, ಮಕ್ಕಳಿಲ್ಲದ, ಗಂಡನನ್ನೂ ಕಳೆದುಕೊಂಡಿದ್ದ ಅತ್ತೆಯ ಕೈಗೆ ಒಪ್ಪಿಸಿದರು. ಊರಲ್ಲಿ ಸರ್ಕಾರಿ ಶಾಲೆ ಇತ್ತು. ಅತ್ತೆ ಕಳಿಸಲಿಲ್ಲ.

"ಮಕ್ಳಿಗೆ ಮೊದಲ್ನೇ ಪಾಠ ಮನೇಲೇ ಆಗ್ಬೇಕು. ನಾಳೆ ದೇವ್ರು ಏನ್ ಕಲಿಸ್ದೆ ಅಂತ ಕೇಳಿದ್ರೆ ಮೇಷ್ಟ್ರ ಕಡೆ ಕೈ ತೋರ್ಸಕ್ಕಾಯ್ತದಾ?"

ಅವರ ಶಾಲೆ ನಡೆಯುತ್ತಿದ್ದುದು ಅಡುಗೆಮನೆಯಲ್ಲಿ. ಅಲ್ಲಿನ ಕಾನೂನು ಒಂದೇ. ಆಮೆನ್ ಎಂದರೆ ನಾನು ಹೇಳಿದ್ದು ನಿಜ ಎಂದು ದೇವರೆದುರು ರುಜು ಹಾಕಿದಂತೆ; ಸುಳ್ಳಿನ ಹಿಂದೆ ಅದು ಬರಕೂಡದು. ಹಾಗಾಗಿ ಮಗ್ಗಿಗೂ ಆಮೆನ್, ಮಳೆ ಬಂತೆಂಬ ಸುದ್ದಿಗೂ ಆಮೆನ್, ಬೆಲ್ಲ ಕದ್ದಿಲ್ಲ ಎಂಬ ಹೇಳಿಕೆಗೂ ಆಮೆನ್. ಬೆಲ್ಲದ ವಿಚಾರದಲ್ಲಿ ಮಾತ್ರ ತಂಗಿಗೆ ಸರಿಯಾಗಿ ಆಮೆನ್ ಹೊತ್ತಿಗೇ ಕೆಮ್ಮು ಬರುತ್ತಿತ್ತು.

ಭೂಗೋಳವನ್ನು ನಾವು ಉಂಡು ಕಲಿತೆವು. ತಟ್ಟೆಯ ಈ ಕಡೆಯಿಂದ ಸಾರು, ಆ ಕಡೆಯಿಂದ ಮಜ್ಜಿಗೆ ಹರಿಸಿ, "ಇದು ಕಪಿಲೆ, ಅದು ಕಾವೇರಿ, ಸೇರ್ತಲ್ಲ, ಅದೇ ನರಸೀಪುರ" ಎನ್ನುತ್ತಿದ್ದರು. "ಅಪ್ಪ ಎಲ್ಲಿ?" ಎಂದು ತಂಗಿ ಕೇಳಿದಳು. ಅತ್ತೆ ಸಂಗಮದ ದಡದಲ್ಲಿ ಒಂದು ಚಿಟಿಕೆ ಉಪ್ಪಿನಕಾಯಿ ಇಟ್ಟರು. ಅಪ್ಪನನ್ನು ಯಾರು ನೆಕ್ಕಬೇಕೆಂದು ನಮ್ಮಿಬ್ಬರಿಗೂ ಜಗಳವಾಯಿತು. ಗೆದ್ದವನು ನಾನು ಎಂದು ನನ್ನ ನೆನಪು. ತಂಗಿಯ ನೆನಪು ಬೇರೆ ಇದೆ. ನೆನಪುಗಳಿಗೆ ಆಮೆನ್ ಹೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಬಾಳೆಹಣ್ಣು ಹೊತ್ತು ತರುತ್ತಿದ್ದ ಮುದುಕನೊಬ್ಬನಿದ್ದ. ಒಂದು ದಿನ ಎರಡು ಡಜನ್ ಎಂದು ಎಣಿಸಿ ಕೊಟ್ಟ. ತಂಗಿ ಕೂತು ಮತ್ತೆ ಎಣಿಸಿದಳು.

"ಇಪ್ಪತ್ಮೂರು, ಆಮೆನ್."

"ಅದೇನವ್ವ ಅದು ಕೊನೆಗೇಳಿದ್ದು?"

"ದೇವ್ರು ಸಾಕ್ಷಿ ಅಂತ ಕಣಪ್ಪ," ಎಂದರು ಅತ್ತೆ.

ಮುದುಕ ಇನ್ನೊಂದು ಹಣ್ಣು ಮುರಿದಿಟ್ಟ. "ನಿಮ್ ದೇವ್ರಿಗೆ ಬ್ಯಾರೆ ಕೆಲ್ಸ ಇಲ್ವಾ? ನನ್ ಬಾಳೆಗೊನೆನೇ ಕಾಯ್ತಾ ಕುಂತವ್ನಾ?" ಎಂದು ಗೊಣಗಿಕೊಂಡು ಹೋದ. ಮುಂದಿನ ವಾರ ಬಂದವನು ತಾನೇ ಎಣಿಸಿ, "ಇಪ್ಪತ್ನಾಕು, ಆಮೆನ್ ಕಣ್ರವ್ವ" ಎಂದ. ಅಂದಿನಿಂದ ನಮ್ಮ ಬೀದಿಯಲ್ಲಿ ಎಲ್ಲರಿಗೂ ಅದೇ ಲೆಕ್ಕ.

ನನಗೆ ಒಂಬತ್ತು ತುಂಬಿದ ಮೇಲೆ ಅಪ್ಪ ಮನಸ್ಸು ಮಾಡಿದರು. ಮೈಸೂರಿನ ಮಿಷನ್ ಬೋರ್ಡಿಂಗಿನಲ್ಲಿ ನಮಗಿಬ್ಬರಿಗೂ ಜಾಗವಿದೆ. ಪಾದ್ರಿಗಳು ಮನೆಗೆ ಬಂದು ಪರೀಕ್ಷೆ ಮಾಡುತ್ತಾರೆ. ಸರಿಯಾಗಿ ಉತ್ತರ ಹೇಳಿದರೆ ಹೊರಡಬೇಕು, ಇಲ್ಲದಿದ್ದರೆ ಇನ್ನೊಂದು ವರ್ಷ ಅತ್ತೆಯ ಬಳಿಯೇ. ಪಾದ್ರಿಗಳು ಬರುವ ದಿನ ಬೆಳಗ್ಗೆ ಅತ್ತೆ ನನಗೆ ಎರಡು ಸಲ ತಲೆ ಬಾಚಿದರು.

ನಾನು ಮಾತ್ರ ತೀರ್ಮಾನ ಮಾಡಿಬಿಟ್ಟಿದ್ದೆ.

"ಏಳೆಂಟ್ಲ ಎಷ್ಟಪ್ಪ?" ಎಂದರು ಪಾದ್ರಿಗಳು.

"ಐವತ್ನಾಲ್ಕು."

(ತಂಗಿ, ಅವರು ಕೇಳಿದ್ದು ಒಂಬತ್ತರ ಮಗ್ಗಿ ಎನ್ನುತ್ತಾಳೆ. ಇರಬಹುದು.)

"ಪರವಾಗಿಲ್ಲ, ಇನ್ನೂ ಒಂದು ವರ್ಷ ಮನೆಯಲ್ಲೇ ಕಲೀಲಿ," ಎಂದು ಅವರು ಛತ್ರಿ ಎತ್ತಿಕೊಂಡರು. ಗೆದ್ದೆ ಅಂದುಕೊಂಡೆ.

ಅಡುಗೆಮನೆ ಬಾಗಿಲಿನಿಂದ ಅತ್ತೆಯ ದನಿ ಬಂತು. "ಸ್ವಲ್ಪ ತಾಳಿ ಅಯ್ಯನವರೇ. ಲೇ, ಆಮೆನ್ ಎಲ್ಲೋ?"

ಬೇರೆ ದಾರಿ ಕಾಣದೆ ತಂಗಿಯ ಕೆಮ್ಮನ್ನು ಎರವಲು ತಂದೆ.

"ಕೆಮ್ಮು, ಕೆಮ್ಮು. ನಿಂತ್ಮೇಲೆ ಹೇಳುವಂತೆ. ನಾನು ಕಾಯ್ತೀನಿ."

ಎಷ್ಟು ಹೊತ್ತು ಕೆಮ್ಮಲಾಗುತ್ತದೆ?

"ಐವತ್ತಾರು," ಎಂದೆ. "ಆಮೆನ್."

ಆಮೇಲೆ ಕೇಳಿದ್ದಕ್ಕೆಲ್ಲ ಇಬ್ಬರೂ ಸರಿಯಾಗಿಯೇ ಹೇಳಿದೆವು. ಪಾದ್ರಿಗಳಿಗೆ ಬಹಳ ಸಂತೋಷವಾಯಿತು. "ತುಂಬ ಚೆನ್ನಾಗಿ ಕಲಿಸಿದ್ದೀರಮ್ಮ."

"ಹೂಂ. ಅದೇ ತಪ್ಪಾಗೋಯ್ತು," ಎಂದು ಅತ್ತೆ ಕಾಫಿ ತರಲು ಒಳಗೆ ಹೋದರು. ಕಾಫಿ ಬರಲು ಬಹಳ ಹೊತ್ತಾಯಿತು.

ನಮ್ಮನ್ನು ರೈಲು ಹತ್ತಿಸಲು ಅವರು ನಂಜನಗೂಡು ಸ್ಟೇಷನ್ನಿಗೆ ಬಂದಿದ್ದರು. ತಂಗಿ ಅಳುತ್ತಿದ್ದಳು, ನಾನು ಅಳಲಿಲ್ಲವೆಂದು ಬರೆಯಬೇಕೆಂದುಕೊಂಡಿದ್ದೆ. ಅತ್ತೆ ಕಿಟಕಿಯೊಳಗೆ ಕೈ ಹಾಕಿ ನನ್ನ ಕ್ರಾಪು ಸರಿಮಾಡಿದರು.

"ಅಳ್ಬೇಡಿ ಕಣ್ರೋ. ನಂಗೇನು ಬೇಜಾರಿಲ್ಲ. ನೀವಿಲ್ದಿದ್ರೆ ಕೆಲ್ಸ ಎಷ್ಟೋ ಕಮ್ಮಿ. ಒಬ್ಳೇ ಆರಾಮಾಗಿರ್ತೀನಿ."

ರೈಲು ಕೂಗಿತು. ನಾವಿಬ್ಬರೂ ಅವರ ಬಾಯನ್ನೇ ನೋಡುತ್ತ ಕೂತಿದ್ದೆವು. ಇದೊಂದರಲ್ಲಿ ನನ್ನ ನೆನಪೂ ತಂಗಿಯ ನೆನಪೂ ಒಂದೇ: ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು, ರೈಲು ಕಣ್ಮರೆಯಾಗುವವರೆಗೂ ಕೆಮ್ಮುತ್ತಲೇ ಇದ್ದರು.