ಸಮುದ್ರಕ್ಕಿಳಿದವಳೂ ಹದಿನೇಳು ಚೀಲಗಳೂ

ಈ ಭಾನುವಾರ ನಾನು ಸಮುದ್ರಕ್ಕೆ ಕುತ್ತಿಗೆವರೆಗೆ ಇಳಿಯುತ್ತೇನೆ. ದಂಡೆಯ ಮೇಲೆ ಕೂತು ಚೀಲ ಕಾಯುವುದಿಲ್ಲ. ಚೀಲವನ್ನು ಕಳ್ಳ ಒಯ್ಯಲಿ, ಕಾಗೆ ಒಯ್ಯಲಿ, ಅಲೆಯೇ ಖುದ್ದಾಗಿ ಬಂದು ಒಯ್ಯಲಿ, ತಿರುಗಿ ನೋಡಿದರೆ ನನ್ನ ಹೆಸರು ಬದಲಾಯಿಸಿ!

ಹೀಗೆಂದು ನಾನು ಶುಕ್ರವಾರ ಬೆಳಗ್ಗೆ, ಮನೆಯವರೆಲ್ಲ ತಿಂಡಿಗೆ ಕೂತಿದ್ದಾಗ, ಬೆಣ್ಣೆ ಸವರುವ ಚಾಕುವನ್ನು ಖಡ್ಗದಂತೆ ಎತ್ತಿಹಿಡಿದು ಘೋಷಿಸಿದೆ. ಸಭೆಯಲ್ಲಿ ಮೂರು ಜನ ಹಾಜರಿದ್ದರು. ಮಗಳು ಫೋನಿನಿಂದ ಕಣ್ಣೆತ್ತಲಿಲ್ಲ. ಅತ್ತೆ ಚಹಾ ಆರಿಸುತ್ತಿದ್ದರು. ನಮ್ಮವರು ಮಾತ್ರ ಗಂಭೀರವಾಗಿ ನನ್ನ ಕಡೆ ನೋಡಿ, "ಆ ಬೆಣ್ಣೆ ಇನ್ನೊಂಚೂರು ಇದೆಯಾ?" ಅಂದರು.

ನಮ್ಮೂರಿನ ಸಮುದ್ರವೇನು ದೂರದ್ದಲ್ಲ. ಸಿಟಿ ಬಸ್ಸಿನ ಕೊನೇ ಸ್ಟಾಪು. ಅಲ್ಲಿ ದೊಡ್ಡ ಹೋಟೆಲ್ಲಿಲ್ಲ, ಅಲೆಯ ಮೇಲೆ ಹಲಗೆ ಹಾಕಿ ಜಾರುವ ಸಾಹಸಿಗಳಿಲ್ಲ. ಒಂದು ಸಿಮೆಂಟಿನ ಕಟ್ಟೆ, ಎರಡು ನಲ್ಲಿ, ಬಾಗಿಲು ಪೂರ್ತಿ ಮುಚ್ಚದ ಒಂದು ಬಟ್ಟೆ ಬದಲಿಸುವ ಕೋಣೆ, ಉಳಿದದ್ದೆಲ್ಲ ಮರಳು ಮತ್ತು ಸಂಸಾರಗಳು. ಚಾಪೆ ಹಾಸಿದಲ್ಲೇ ಮನೆ. ಅಲೆ ಕೂಡ ನಮ್ಮ ಹಾಗೇ ಸರ್ಕಾರಿ ರಜೆಯಲ್ಲಿದ್ದಂತೆ ನಿಧಾನಕ್ಕೆ ಬಂದು ನಿಧಾನಕ್ಕೆ ಹೋಗುತ್ತದೆ.

ನೀವು ಯಾವ ಭಾನುವಾರ ಬೇಕಾದರೂ ಅಲ್ಲಿಗೆ ಹೋಗಿ ನೋಡಿ. ಪ್ರತಿ ಚಾಪೆಯ ಮೇಲೂ ಒಬ್ಬ ಹೆಂಗಸು ಕೂತಿರುತ್ತಾಳೆ. ಒಂದು ಕೈ ಚೀಲದ ಮೇಲೆ, ಇನ್ನೊಂದು ಕೈ ಹುಬ್ಬಿನ ಮೇಲೆ. ನೀರಿನಲ್ಲಿರುವ ತಲೆಗಳನ್ನು ಎಣಿಸುತ್ತಿರುತ್ತಾಳೆ. ಗಂಡಸರಿಗೆ ಸಮುದ್ರವೆಂದರೆ ಅಲೆ, ಮಕ್ಕಳಿಗೆ ಸಮುದ್ರವೆಂದರೆ ಮರಳು. ನಮಗೆ ಸಮುದ್ರವೆಂದರೆ ಆರು ಚಪ್ಪಲಿ, ಮೂರು ಫೋನು, ಎರಡು ಕನ್ನಡಕ. ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ನಾನು ಕಂಡ ಸಾಗರದ ಆಳ ಪಾದ ಮುಳುಗುವಷ್ಟು. ಅದೂ ಮಗಳ ಕಾಲಿಗಂಟಿದ ಮರಳು ತೊಳೆಯಲು ಬಕೆಟ್ಟಿನಲ್ಲಿ ನೀರು ತುಂಬಿಸಿಕೊಂಡು ಬರುವಾಗ!

ಆದ್ದರಿಂದ ನನ್ನ ಘೋಷಣೆ ಬಾಯಿಗೆ ಬಂದದ್ದಾಗಿರಲಿಲ್ಲ. ಅದರ ಹಿಂದೆ ಯೋಜನೆಯಿತ್ತು. ಯೋಜನೆಯ ಹೆಸರು ಅತ್ತೆ. ಎಪ್ಪತ್ತು ವರ್ಷ, ಮಂಡಿನೋವು, ಕೂತಲ್ಲಿಂದ ಏಳಲು ಅವರಿಗೆ ಮನಸ್ಸಿಲ್ಲ. ಚೀಲ ಅವರ ಪಕ್ಕ ಇಟ್ಟರೆ ಸಮುದ್ರ ನನ್ನದು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡು ಬಸ್ಸು ಹತ್ತಿದ್ದೆ.

ಚಾಪೆ ಹಾಸಿದ ಕೂಡಲೇ ಜೇನು ಬೆರೆಸಿದ ದನಿಯಲ್ಲಿ ಕೇಳಿದೆ. "ಅತ್ತೆ, ಅರ್ಧ ಗಂಟೆ ಇದನ್ನ ಸ್ವಲ್ಪ ನೋಡ್ಕೋತೀರಾ?"

ಅತ್ತೆ ಕೈಗಡಿಯಾರ ಬಿಚ್ಚುತ್ತಿದ್ದರು. "ಯಾರು, ನಾನಾ?"

"ಹೂಂ, ನೀವು ಹೇಗೂ ಕೂತಿರ್ತೀರಲ್ಲ."

"ಯಾರು ಹೇಳಿದ್ದು ಕೂತಿರ್ತೀನಿ ಅಂತ? ಮೊನ್ನೆ ನೀನು ಸಮುದ್ರಕ್ಕೆ ಇಳೀತೀನಿ ಅಂದಾಗ ನನಗೂ ಕಿವಿ ಕೇಳಿಸ್ತಿತ್ತು ಕಣೇ. ಓಹೋ, ಇಳೀಬಹುದೇನೋ ಅನ್ಕೊಂಡೆ. ನಾನೂ ಇಳೀತೀನಿ."

"ನಿಮ್ಮ ಮಂಡಿ?"

"ಮಂಡಿಗೆ ನೀರು ಒಳ್ಳೇದು. ಈ ಮರಳಲ್ಲಿ ಮಡಚಿಕೊಂಡು ಕೂತು ಕೂತೇ ಅದು ಹಾಳಾಗಿದ್ದು." ಕೈಗಡಿಯಾರವನ್ನು ನನ್ನ ಚೀಲದೊಳಗೇ ಹಾಕಿ ಅತ್ತೆ ಎದ್ದು ನಿಂತರು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಎಲ್ಲಾ ಸುಳ್ಳು. ಚೀಲ ಕಾಯೋದಕ್ಕೆ ಎರಡು ಕಾಲದಲ್ಲೂ ನಾವೇ."

ನನ್ನ ಮುಖ ಹೇಗಾಗಿರಬೇಕು, ನೀವೇ ಊಹಿಸಿ. ಸ್ತ್ರೀ ಸ್ವಾತಂತ್ರ್ಯದ ಬಾವುಟವನ್ನು ನಾನು ಇನ್ನೊಬ್ಬ ಹೆಂಗಸಿನ ಮಂಡಿಯ ಮೇಲೆ ನೆಡಲು ಹೊರಟಿದ್ದೆ! ಹದಿನೈದು ಸೆಕೆಂಡು ಪ್ರಾಮಾಣಿಕವಾಗಿ ನಾಚಿಕೊಂಡೆ. ಹದಿನಾರನೆಯ ಸೆಕೆಂಡಿಗೆ ಅತ್ತೆಯ ಕಣ್ಣೂ ನನ್ನ ಕಣ್ಣೂ ಒಟ್ಟಿಗೆ, ಪ್ಯಾಂಟು ಮಡಚುತ್ತಾ ನೀರಿನ ಕಡೆ ಹೊರಟಿದ್ದ ಒಬ್ಬ ಗಂಡಸಿನ ಮೇಲೆ ನೆಟ್ಟವು.

"ರೀ, ಚೀಲ."

"ಯಾವ ಚೀಲ?"

"ನಾವು ತಂದ ಚೀಲ."

"ನಾವು ಚೀಲ ತಂದಿದ್ವಾ?"

ತಮಾಷೆಗೆ ಕೇಳಿದ್ದಲ್ಲ. ಒಣಗಿದ ಟವಲು ಸಮುದ್ರ ತೀರದಲ್ಲಿ ತಾನಾಗಿ ಬೆಳೆಯುತ್ತದೆ ಎಂದೇ ಇವರು ಹತ್ತೊಂಬತ್ತು ವರ್ಷ ನಂಬಿದ್ದರು. ಹಾಗಂತ ದಡ್ಡರಲ್ಲ. ಸಾರಿಗೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ. ಅಲ್ಲಿ ಸಾವಿರ ಗಂಟುಗಳ ನಡುವೆ ನಿಮ್ಮ ಗಂಟು ಯಾವ ಸಾಲಿನ ಯಾವ ಅರೆಯಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳುತ್ತಾರೆ. ಮನೆಯಲ್ಲಿ ಮಾತ್ರ, ಕಾಲುಚೀಲದ ಡ್ರಾಯರನ್ನು ತೆರೆದಿಟ್ಟುಕೊಂಡು, "ನನ್ನ ಕಾಲುಚೀಲ ಎಲ್ಲಿಟ್ಟಿದ್ದೀಯೇ?" ಎಂದು ಕೂಗುತ್ತಾರೆ.

"ಆಫೀಸಲ್ಲಿ ಊರವರ ಗಂಟೆಲ್ಲ ಕಾಯ್ತೀರಲ್ಲ," ಅಂದೆ.

"ಅದು ಡ್ಯೂಟಿ ಕಣೇ."

"ಇದೂ ಅದೇ."

"ನಾನು ಈಜೋಕೆ ಅಂತ ಬಂದಿದ್ದು."

"ಕೂರೋ," ಅಂದರು ಅತ್ತೆ. "ಇದೇ ಜಾಗದಲ್ಲಿ ಕೂತು ನಿನ್ನಪ್ಪನ ಪ್ಯಾಂಟು ಕಾದಿದ್ದೀನಿ ನಾನು. ನಿನಗೇನು ಬಂದಿದೆ ರೋಗ?"

ಕೂತರು.

ಪಕ್ಕದ ಚಾಪೆಯಲ್ಲಿ ಟೈಲರಮ್ಮ ಒಬ್ಬರಿದ್ದರು. ಕೊರಳಿನಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ತೆಗೆಯಲು ಮರೆತಿದ್ದರೇನೋ. ಈ ನಾಟಕವನ್ನೆಲ್ಲ ನೋಡಿ ಮೆಲ್ಲಗೆ ಕೇಳಿದರು. "ನಿಮ್ಮೆಜಮಾನ್ರು ಚೀಲ ನೋಡ್ಕೋತಾರಾ?"

"ಓಹೋ, ನೋಡ್ಕೋತಾರೆ," ಅಂದೆ. ಇವರನ್ನು ನಾನೇ ಕಾರ್ಖಾನೆಯಲ್ಲಿ ತಯಾರಿಸಿದವಳ ಹಾಗೆ ಹೆಮ್ಮೆಯಿಂದ.

"ಹಾಗಾದ್ರೆ ನಮ್ಮದೂ ಒಂದು ಇರ್ಲಿ ಅಲ್ಲಿ." ಉತ್ತರಕ್ಕೆ ಕಾಯದೆ ಟೈಲರಮ್ಮ ತಮ್ಮ ಚೀಲ ತಂದಿಟ್ಟರು. ಅವರ ಹಿಂದೆಯೇ, ರಾತ್ರಿಪಾಳಿ ಮುಗಿಸಿ ನೇರ ಇಲ್ಲಿಗೇ ಬಂದಿದ್ದ ನರ್ಸಮ್ಮ, ಎರಡು ಚೀಲ ಮತ್ತು ಮಗುವಿನ ತಳ್ಳುಗಾಡಿ. ಆಮೇಲೆ ಒಂದೇ ಬಣ್ಣದ ಟೋಪಿ ಹಾಕಿದ್ದ ಅಕ್ಕತಂಗಿಯರು. ಸುದ್ದಿ ಚಾಪೆಯಿಂದ ಚಾಪೆಗೆ ಹಾರಿತು. ಚೀಲ ಕಾಯುವ ಗಂಡಸು ಒಬ್ಬ ಸಿಕ್ಕಿದ್ದಾನಂತೆ! ನಾನು ನೀರಿನ ಅಂಚಿಗೆ ಹೋಗಿ ತಿರುಗಿದಾಗ (ಹೌದು, ತಿರುಗಿದೆ) ಅಲ್ಲೊಂದು ಗುಡ್ಡ ಎದ್ದಿತ್ತು. ನಮ್ಮವರ ಬೋಳುತಲೆ ಆ ಗುಡ್ಡದ ಹಿಂದೆ ಮುಳುಗುವ ಸೂರ್ಯನಂತೆ ಹೊಳೆಯುತ್ತಿತ್ತು.

ಆಮೇಲೆ ನಾವು ಇಳಿದೆವು. ಇದನ್ನು ಮಾತ್ರ ನಿಧಾನವಾಗಿ ಹೇಳುತ್ತೇನೆ, ತಾಳ್ಮೆಯಿಂದ ಓದಿ. ಮೊದಲು ಮಂಡಿ, ಆಮೇಲೆ ಸೊಂಟ. ನೀರು ಹೊಟ್ಟೆಗೆ ತಾಗಿದಾಗ ಟೈಲರಮ್ಮ "ಅಯ್ಯಯ್ಯೋ" ಎಂದು ನನ್ನ ತೋಳು ಹಿಡಿದರು, ನಾನು ಅತ್ತೆಯ ತೋಳು ಹಿಡಿದೆ. ಅತ್ತೆ ಯಾರನ್ನೂ ಹಿಡಿಯಲಿಲ್ಲ. ಉದ್ದನೆಯ ಗೌನು ಸುತ್ತ ಉಬ್ಬಿಕೊಂಡು ದೊಡ್ಡ ಛತ್ರಿಯಂತೆ ತೇಲುತ್ತಿದ್ದರೂ ತಾವು ಮುಂದೆ ಮುಂದೆ ಹೋದರು. ಒಂದು ಅಲೆ ಬಂದು ನನ್ನನ್ನು ನೆಲದಿಂದ ಎತ್ತಿತು. ಮನೆಯಲ್ಲಿ ಎಲ್ಲವನ್ನೂ ಎತ್ತುವವಳು ನಾನು. ನನ್ನನ್ನೂ ಯಾರಾದರೂ ಎತ್ತಬಹುದು ಎನ್ನುವುದು ನಲವತ್ತಾರನೆಯ ವಯಸ್ಸಿನಲ್ಲಿ ಗೊತ್ತಾಯಿತು. ನೀರು ಕುತ್ತಿಗೆಗೆ ಬಂತು. ನಾನು ಅಲ್ಲೇ ನಿಂತೆ. ಯಾರ ತಲೆಯನ್ನೂ ಎಣಿಸಲಿಲ್ಲ.

ಜೀವರಕ್ಷಕ ಪೀಪಿ ಊದುತ್ತಾ ಓಡಿಬಂದ. ಇಷ್ಟೊಂದು ಹೆಂಗಸರು ಒಟ್ಟಿಗೆ ನೀರಿನಲ್ಲಿರುವುದನ್ನು ಅವನು ಕಂಡೇ ಇರಲಿಲ್ಲ.

"ಏನಾಯ್ತಮ್ಮಾ? ಯಾರಾದ್ರೂ ಮುಳುಗಿದ್ರಾ?"

"ಇಲ್ಲಪ್ಪಾ," ಅಂದರು ಅತ್ತೆ. "ಇಳಿದಿದ್ದೀವಿ ಅಷ್ಟೇ."

ಅತ್ತ ದಂಡೆಯಲ್ಲಿ ಬೇರೆಯೇ ಪ್ರಳಯವಾಗಿತ್ತು. ಈಜಿ ಮೇಲೆ ಬಂದ ಗಂಡಂದಿರಿಗೆ ಚಾಪೆ ಸಿಕ್ಕಿತು, ಚಾಪೆಯ ಮೇಲೆ ಹೆಂಡತಿಯೂ ಇಲ್ಲ, ಟವಲೂ ಇಲ್ಲ. ಎಲ್ಲರೂ ನೀರಿಳಿಸುತ್ತಾ ನಮ್ಮ ಗುಡ್ಡದ ಮುಂದೆ ಸಾಲುಗಟ್ಟಿದರು. ಅಷ್ಟರಲ್ಲಿ ನಮ್ಮವರೊಳಗಿನ ಪಾರ್ಸೆಲ್ ಕ್ಲರ್ಕು ಎಚ್ಚೆತ್ತಿದ್ದ! ಜೇಬಿನಿಂದ ಪೆನ್ನು ಹೊರಬಂದಿತ್ತು. ಪೇಪರಿನ ಅಂಚು ಹರಿದು ನಂಬರು ಬರೆದ ಚೀಟಿಯಾಗಿತ್ತು. ಅರ್ಧ ಚೀಟಿ ಚೀಲಕ್ಕೆ, ಅರ್ಧ ಚೀಟಿ ಚೀಲದ ಒಡತಿಗೆ. ಹೆಂಗಸರು ಅದನ್ನು ತಲೆಯ ಕ್ಲಿಪ್ಪಿಗೆ ಸಿಕ್ಕಿಸಿಕೊಂಡು ನೀರಿಗಿಳಿದಿದ್ದರು.

"ನನ್ನ ಟವಲ್ ಕೊಡ್ರೀ," ಅಂದರು ಟೈಲರಮ್ಮನ ಗಂಡ.

"ನಂಬರ್?"

"ನಂಬರ್ ಏನ್ರೀ, ಅಗೋ ಕಾಣ್ತಿದೆ, ನೀಲಿ ಟವಲ್."

"ಇಟ್ಟವರು ನಿಮ್ಮ ಮನೆಯವರು. ಚೀಟಿ ಅವರ ಹತ್ರ ಇದೆ. ಇಸ್ಕೊಂಡು ಬನ್ನಿ. ನೆಕ್ಸ್ಟ್."

ಹೀಗಾಗಿ ಗಂಡಸರೆಲ್ಲ ಒಬ್ಬರ ಹಿಂದೊಬ್ಬರು ಮತ್ತೆ ನೀರಿಗಿಳಿದು, ಹೆಂಡತಿಯರ ಮುಂದೆ ಕೈಚಾಚಿ ನಿಂತು ಚೀಟಿ ಬೇಡಬೇಕಾಯಿತು. ಆ ದೃಶ್ಯವನ್ನು ನಾನು ಕುತ್ತಿಗೆಮಟ್ಟದಿಂದ ನೋಡಿದೆ. ಅಷ್ಟು ಒಳ್ಳೆಯ ಜಾಗ ಬೇರೆಲ್ಲಿ ಸಿಗುತ್ತದೆ ಹೇಳಿ! ಇದೆಲ್ಲ ನನ್ನಿಂದ ಶುರುವಾದದ್ದು ಎಂದು ನೆನೆದಾಗ ನೀರಿನೊಳಗೂ ಎದೆ ಉಬ್ಬಿತು.

ಚಳಿ ಹಿಡಿದ ಮೇಲೆ ರಾಣಿಯ ಹಾಗೆ ನಡೆದು ಕೌಂಟರಿಗೆ ಬಂದೆ. "ಟವಲ್ ಕೊಡಿ."

ಇವರು ತಲೆಯೆತ್ತಲಿಲ್ಲ. "ನಂಬರ್?"

"ರೀ, ನಾನು. ನಿಮ್ಮ ಹೆಂಡತಿ."

"ಇಲ್ಲಿ ಬರೋರೆಲ್ಲ ಯಾರದೋ ಹೆಂಡತೀನೇ ಮೇಡಂ. ನಂಬರ್ ಇಲ್ದಿದ್ರೆ ಚೀಲದಲ್ಲಿ ಏನೇನಿದೆ ಹೇಳಿ, ತಾಳೆ ನೋಡ್ತೀನಿ."

ನನಗೂ ಹಟ ಬಂತು. ಗಟ್ಟಿಯಾಗಿ ಶುರುಮಾಡಿದೆ. "ನಿಮ್ಮ ಟವಲ್, ನಿಮ್ಮ ಶರ್ಟು, ನಿಮ್ಮ ಪಟ್ಟೆಪಟ್ಟೆ ಚಡ್ಡಿ..."

"ಮೆಲ್ಲಗೆ, ಮೆಲ್ಲಗೆ." ಸಾಲಿನಲ್ಲಿದ್ದವರು ಕೆಮ್ಮಿದರು.

"ಮಗಳ ಟವಲ್, ಮಗಳ ಬಟ್ಟೆ, ಬಾಚಣಿಗೆ, ಅತ್ತೆಯ ಮಾತ್ರೆ, ಕೈಗಡಿಯಾರ, ಬ್ರೆಡ್ಡು, ಬೇಯಿಸಿದ ಮೊಟ್ಟೆ, ಉಪ್ಪಿನ ಡಬ್ಬಿ, ಸುಟ್ಟ ಚರ್ಮಕ್ಕೆ ಹಚ್ಚೋ ಮುಲಾಮು."

ಇವರು ಒಂದೊಂದನ್ನೇ ಮುಟ್ಟಿ ನೋಡಿ ತಲೆಯಾಡಿಸಿದರು. "ಎಲ್ಲಾ ಸರಿ ಇದೆ. ಇದ್ರಲ್ಲಿ ನಿಮ್ಮದು ಯಾವುದು?"

ಚೀಲ ಎಳೆದುಕೊಂಡು ತಳದವರೆಗೂ ತಡಕಿದೆ. ನನ್ನದು ಅಂತ ಒಂದೂ ಇರಲಿಲ್ಲ.

ಎರಡು ದಿನ ಊರಿಗೆಲ್ಲ ಡಂಗುರ ಸಾರಿದವಳು ನಾನು. ಆದರೆ ಚೀಲ ತುಂಬಿದ್ದು ನನ್ನ ಕೈ. ಆ ಕೈಗೆ ಸುದ್ದಿ ಮುಟ್ಟಿರಲಿಲ್ಲ! ನೆನೆಯುವವರಿಗೆಲ್ಲ ಒಣಬಟ್ಟೆ ಇಟ್ಟಿತ್ತು, ನೆನೆಯುವವರಲ್ಲಿ ನಾನೂ ಒಬ್ಬಳೆಂದು ಅದಕ್ಕೆ ಹೊಳೆದೇ ಇರಲಿಲ್ಲ.

"ಅತ್ತೆ, ನಿಮಗೂ ಬಟ್ಟೆ ಇಟ್ಟಿಲ್ವಲ್ಲ," ಅಂದೆ ಗಾಬರಿಯಿಂದ, ನನ್ನ ಹಿಂದೆಯೇ ನೀರಿನಿಂದ ಬಂದಿದ್ದ ಅವರ ಕಡೆ ತಿರುಗಿ.

"ನನ್ನದು ನಾನು ಬೇರೆ ಚೀಲದಲ್ಲಿ ತಂದಿದ್ದೀನಿ," ಅಂದರು ಅತ್ತೆ, ತಲೆಯ ಕ್ಲಿಪ್ಪಿನಿಂದ ಚೀಟಿ ತೆಗೆದು ಮಗನ ಕೈಗಿಡುತ್ತಾ. "ಒಂಬತ್ತು ನಂಬರ್ ಕಣೋ."

ಅತ್ತೆ, ಅಷ್ಟರಲ್ಲಿ ನೀರಿನಿಂದ ಎದ್ದು ಬಂದ ಮಗಳು, ಇಬ್ಬರೂ ಬಟ್ಟೆ ಬದಲಿಸಲು ಹೋದರು. ಒದ್ದೆ ಬಟ್ಟೆಯವರನ್ನು ನಮ್ಮ ಬಸ್ಸಿಗೆ ಹತ್ತಿಸುವುದಿಲ್ಲ, ಬಾಗಿಲಲ್ಲೇ ಬೋರ್ಡಿದೆ. ನಾನು ಬಿಸಿಲಲ್ಲಿ ಕೂತು ಒಣಗುವುದೊಂದೇ ದಾರಿ.

ನಮ್ಮವರು ಎದ್ದು ಬೆನ್ನು ಸೆಟೆಸಿ ಪೆನ್ನನ್ನು ನನ್ನ ಕೈಗೆ ಕೊಟ್ಟರು. "ಹೇಗೂ ಕೂರ್ತೀಯಲ್ಲ. ಚಾರ್ಜ್ ತಗೋ. ಒಟ್ಟು ಹದಿನೇಳು ಚೀಲ, ಆರು ಕೊಟ್ಟಾಗಿದೆ, ಹನ್ನೊಂದು ಬಾಕಿ. ತಳ್ಳುಗಾಡಿ ಬೇರೆ. ನಾಲ್ಕನೇ ನಂಬರಲ್ಲಿ ಗಾಜಿನ ಬಾಟ್ಲಿ ಇದೆ, ಹುಷಾರು." ಇಷ್ಟು ಹೇಳಿ ಎಳೆಗರುವಿನ ಹಾಗೆ ನೀರಿಗೆ ಓಡಿದರು.

ನಾನು ಕೂತೆ. ಉಪ್ಪುನೀರು ಮೈಮೇಲೆ ಒಣಗಿ ಹಪ್ಪಳವಾಗುತ್ತಿತ್ತು. ಆದರೂ ಕುತ್ತಿಗೆಯ ಸುತ್ತ ಸಮುದ್ರ ಇನ್ನೂ ಇದ್ದ ಹಾಗಿತ್ತು. ಇರಲಿ, ಗೆದ್ದಿದ್ದೇನೆ ಅಂದುಕೊಂಡೆ.

ಅಷ್ಟರಲ್ಲಿ ಒಬ್ಬ ಹಿರಿಯಾಕೆ ಬಂದು ಚೀಟಿ ಚಾಚಿದರು. ನಾನು ನೀರಿನಲ್ಲಿದ್ದಾಗ ಚೀಲ ಇಟ್ಟುಹೋದವರಿರಬೇಕು, ನನ್ನ ಮುಖ ಅವರು ನೋಡಿರಲಿಲ್ಲ. ಗುಡ್ಡದಲ್ಲಿ ತಡಕಾಡಿ ಒಂದು ಚೀಲ ಕೊಟ್ಟೆ. ಅದು ಅವರದಲ್ಲ. ಇನ್ನೊಂದು ಕೊಟ್ಟೆ. ಅದೂ ಅಲ್ಲ. ಮೂರನೆಯದನ್ನು ಎಳೆದಾಗ ಗುಡ್ಡದ ಅರ್ಧ ಕುಸಿದು ಚೀಟಿಗಳೆಲ್ಲ ಗಾಳಿಗೆ ಹಾರಿದವು.

"ಇಲ್ಲೊಬ್ರು ಸಾರ್ ಇದ್ರಲ್ಲ, ಎಲ್ಲಿ?" ಅಂದರು ಆಕೆ.

"ನೀರಿಗೆ ಹೋಗಿದ್ದಾರೆ."

"ಹೋಗಿಬರ್ಲಿ ಪಾಪ, ಬಿಸಿಲಲ್ಲಿ ಒಂದು ಗಂಟೆ ಕೂತಿದ್ರು." ಬಗ್ಗಿ ತಮ್ಮ ಚೀಲ ತಾವೇ ಹುಡುಕಿಕೊಂಡು, ನನ್ನ ಹೆಗಲು ತಟ್ಟಿ ಸಮಾಧಾನ ಹೇಳಿದರು. "ನೀನು ಬೇಜಾರು ಮಾಡ್ಕೋಬೇಡಮ್ಮಾ. ಈ ಕೆಲಸಕ್ಕೆ ಹೊಸದಾಗಿ ಸೇರಿದಾಗ ಎಲ್ರಿಗೂ ಹೀಗೇ ಆಗುತ್ತೆ."